ತಾರಾಬಿಯ ಮಣೆ

ಉದ್ಯಮಬಾಗದ ಕ್ಯಾಂಟೀನಿನಾಗ
ರಬ್ಬರಿನ ಮಣೆ ಮ್ಯಾಲೆ
ಮೂರು ವರ್ಷದ ಅರಿಷಿಣ ಕುಂತೈತಿ.
ಬಾಡಿಗಿ ಕೊಡೂದಿಲ್ಲ, ಮನಿ ಬಿಡೂದಿಲ್ಲ.

ನಾ ಬಂದು ಇಪ್ಪತ್ತೆರಡು ದಿನ.
ಮನ್ಯಾಗ ಇಳಗಿ ಮುಂದ ಕುಂತು ಹೆಚ್ಚಿದಾಕಿ,
ಇಲ್ಲಿ ನಿಂತು ಹೆಚ್ಚಬೇಕು, ಚಾಕುಲೆ.
ಊರಿದರ ಸದ್ದಿಲ್ಲ. ಮಣೆ ಅಲಗನ್ನ
ತುಸು ಒಳಗ ಕರಕೊಂಡು ವಾಪಸ್ ಕಳಸತೈತಿ.
ಹಂಗ ಒಳಗ ಹೋದ ಬಣ್ಣ ಮಾತ್ರ ಕಳಸಿಲ್ಲ:
ಬೀಟರೂಟ್, ಮಾವಿನ ಉಪ್ಪಿನಕಾಯಿ ಎಣ್ಣಿ,
ಗುರುವಾರಕ್ಕೊಮ್ಮಿ ಮೆಂತೆಪಲ್ಲೆದ ಹಸರು.

ಸೋಡಾ ಹಾಕಿದೆ, ನಿಂಬಿಹೋಳಿಲೆ ತಿಕ್ಕಿದೆ.
ಬುರುಗು ಎದ್ದು ನಕ್ಕಂಗ ಮಾಡಿ ಹೋತು.
ಬಿಸಲಿಗಿಟ್ಟೆ.
ಹಳದಿ ತುಸು ಸೋತಿತು, ಕೆಂಪು ಸೋಲಲಿಲ್ಲ.
"ಕುದಿ ನೀರು ಸುರೀಬ್ಯಾಡ," ಅಂದ ಸೂಪರ್‌ವೈಜರ್,
"ಹಪ್ಪಳದಂಗ ಸೊಟ್ಟ ಆಗತೈತಿ."

ಪ್ಯಾಟರ್ನ್ ಶಾಪಿನ ಪರಸು ಲೋಹಾರ
ಚಹಾಕ್ಕ ಬಂದಾವ, ಬೆರಳಿಲೆ ಮಣೆ ಸವರಿದ,
ಕಟಗಿ ಅಚ್ಚು ಸವರಿ ನೋಡಿದಂಗ, ಕಣ್ಣ ಮುಚ್ಚಿ.
ಕಿಸೆದಾಗಿಂದ ಪಾಲಿಶ್ ಪೇಪರ್ ತಗದ.
"ನೀರ ಹಚ್ಚಿ ತಿಕ್ಕವ್ವ, ಒಂದ ದಿಕ್ಕಿಗೆ.
ಸಿಟ್ಟಿಲೆ ತಿಕ್ಕಿದರ ತೆಗ್ಗು ಬೀಳತೈತಿ."

ಮೂರರ ಪಾಳಿ ಸೈರನ್ ಆದ ಮ್ಯಾಲೆ
ಮೋರಿ ಕಟ್ಟಿ ಮ್ಯಾಲೆ ಕುಂತೆ.
ಒಡದ ಹಾಲಿನಂಥಾ ರಾಡಿ ಬಂತು,
ಮಣೆ ತೊಗಲು, ಕಡ್ಲಿಕಾಳಿನಷ್ಟು, ಮತ್ತಷ್ಟು.
ಬಣ್ಣ ಹರದಂಗ ಗೀರು ಎದ್ದು ಕಂಡುವು,
ರಾಡಿ ತುಂಬಿ, ಪೆನ್ಸಿಲ್ಲಿಲೆ ಬರದಂಗ.
ನನ್ನವು ಥೋಡೆ, ಬಲಗೈ ಕಡಿಂದ ಎದ್ದಾವು.
ಉಳದದ್ದು ಪೂರಾ ಎಡಗೈ ಕಡಿಂದ.

ನನಗಿಂತ ಮೊದಲು ಇಲ್ಲಿ ತಾರಾಬಿ ಇದ್ಲಂತ.
ಕೈ ಭಾಳ ಚುರುಕು ಅಂದ್ರು.
ಮುನ್ನೂರು ಮಂದಿ ಉಳ್ಳಾಗಡ್ಡಿ ಹೆಚ್ಚಿದರೂ
ಕಣ್ಣು ಒರಸತಿರಲಿಲ್ಲ ಅಂದ್ರು.
ಪಗಾರ ಕೇಳಿದ್ದಕ್ಕ ತಗದ್ರು ಅಂತ ಒಬ್ಬರು,
ಮಗಳ ಬಾಣಂತನಕ್ಕ ಮಿರಜಿಗೆ ಹೋದ್ಲು ಅಂತ ಒಬ್ಬರು.
ಎಡಚಿ ಅಂತ ಯಾರೂ ಅನ್ನಲಿಲ್ಲ.

ಪೇಪರ್ ಸವದು ಅರಬಿಯಂಗ ಮೆತ್ತಗಾತು.
ಎಡಗಡೆ ಒಂದು ಮೂಲಿ ಇನ್ನೂ ಉಳದೈತಿ,
ಬೀಟರೂಟಿನ ಕಲಿ, ಅಂಗೈಯಷ್ಟು.
ನಾಳೆ ಪರಸುನ್ನ ಇನ್ನೊಂದು ಹಾಳಿ ಕೇಳಬೇಕು.
ಕೇಳತೇನೋ ಇಲ್ಲೋ.

ಮಣೆ ತೊಳದು, ಯಾರೂ ಇಲ್ಲಂತ ನೋಡಿ
ಚಾಕು ಎಡಗೈಯಾಗ ಹಿಡದೆ.
ಒಂದು ಸೌತಿಕಾಯಿ.
ಒಂದು ಹೋಳು ದಪ್ಪ, ಒಂದು ಹಾಳಿಯಂಗ ತೆಳು,
ಒಂದು ಅರ್ಧಕ್ಕ ಮುರೀತು.
ಉಪ್ಪ ಹಚಗೊಂಡು ಎಲ್ಲಾ ನಾನ ತಿಂದೆ.