ಮುದ್ದೆಮಾಲು

ಆ ಪದ ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ಒಂಬತ್ತು ವರ್ಷ.
ಹಲಸೂರು ಗೇಟಿನ ಪೊಲೀಸಿನವರು ಬರೆದುಕೊಳ್ಳುತ್ತಿದ್ದರು,
ನಾನು ರಾಗಿಮುದ್ದೆ ಎಂದುಕೊಂಡೆ.
ಅಪ್ಪ ಅರ್ಧ ಉಂಡು ಬಿಟ್ಟ ತಟ್ಟೆ
ಮಗ್ಗದ ಪಕ್ಕದಲ್ಲೇ ಇತ್ತಲ್ಲ ಇನ್ನೂ.

ಇಪ್ಪತ್ತಮೂರು ವರ್ಷದ ಮೇಲೆ ಕೋರ್ಟಿನಿಂದ ಕಾಗದ:
ವಿಲೇವಾರಿಗೆ ಬಾಕಿ ಇರುವ ವಸ್ತುವನ್ನು
ವಾರಸುದಾರರು ಬಂದು ಪಡೆಯತಕ್ಕದ್ದು.
ಅಣ್ಣ ಓದಿ, ಮಡಿಸಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ.
"ನೀನೇ ಹೋಗು ವನಜಾ. ಅಲ್ಲಿ ಮೆಟ್ಟಿಲು ಹತ್ತೋಕಾಗಲ್ಲ ನನಗೆ."
ನಮ್ಮಣ್ಣ ವಿರೂಪಾಕ್ಷ ದಿನಾ ಮೂರು ಮಹಡಿ ಹತ್ತುತ್ತಾನೆ.
ರಾತ್ರಿ ಚಿಲಕ ಹಾಕಿ, ಎಳೆದು ನೋಡಿ, ಮಲಗಿದವನು ಎದ್ದು
ಮತ್ತೆ ಎಳೆದು ನೋಡುತ್ತಾನೆ.
ಕರೆಗಂಟೆ ಆದರೆ ಮಗಳನ್ನು ಬಾಗಿಲಿಗೆ ಬಿಡುವುದಿಲ್ಲ.
ಹದಿನಾಲ್ಕರ ಮೇದಿನಿ ಕೇಳುತ್ತಾಳೆ: "ಯಾರಿಗೆ ಹೆದರೋದು ನಾವು?"
ಆ ಪ್ರಶ್ನೆ ಬಂದಾಗ ನಮ್ಮಲ್ಲಿ ಟೀವಿ ಜೋರು ಮಾಡುತ್ತಾರೆ.

ಅವತ್ತು ಕಬ್ಬನ್‌ಪೇಟೆಯ ಮನೆಯಲ್ಲಿ ಅಪ್ಪ ಒಬ್ಬನೇ.
ನಾವು ಮೂವರು ದೊಡ್ಡಬಳ್ಳಾಪುರದಲ್ಲಿ,
ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ.
ಒಂಬತ್ತೂ ಇಪ್ಪತ್ತಕ್ಕೆ ನಮ್ಮ ಮಗ್ಗ ನಿಂತಿತಂತೆ.
ಓಣಿಯವರು ಕೇಳಿಸಿಕೊಂಡರು, ಕರೆಂಟು ಹೋಯಿತು ಅಂದುಕೊಂಡರು.
ತಮ್ಮ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು
ಒಬ್ಬರೂ ನೋಡಲಿಲ್ಲ.

ಮಹಜರಿನಲ್ಲಿತ್ತು: ಬಾಗಿಲು ಮುರಿದ ಗುರುತಿಲ್ಲ.
ಯಾವನೋ ಹಮಾಲಿಯನ್ನು ಹಿಡಿದರು. ಏಳು ವರ್ಷ ಒಳಗಿದ್ದ.
ಆಮೇಲೆ ಬಿಟ್ಟರು. ಸಂಶಯದ ಲಾಭ, ಅಂದರು ವಕೀಲರು.
ಲಾಭ ಅವನಿಗೆ ಹೋಯಿತು,
ಸಂಶಯವನ್ನು ನಾವು ಪಾಲು ಮಾಡಿಕೊಂಡೆವು:
ನನಗೆ ಸೋದರಮಾವನ ಮೇಲೆ,
ಅಣ್ಣನಿಗೆ ಸಾಲ ಕೇಳಲು ಬರುತ್ತಿದ್ದ ಜರಿ ವ್ಯಾಪಾರಿಯ ಮೇಲೆ,
ಅಮ್ಮನಿಗೆ...
ಅಮ್ಮ ಯಾರ ಹೆಸರನ್ನೂ ಎತ್ತಲಿಲ್ಲ.
ಒಳ್ಳೆಯ ಮನಸ್ಸು, ಅಂದುಕೊಂಡಿದ್ದೆ.

ಗುಮಾಸ್ತ ಮೂರು ಕಡೆ ಸಹಿ ಹಾಕಿಸಿಕೊಂಡು
ಇಲಿ ಕಡಿದ ಕಂದು ಪೊಟ್ಟಣ ಕೊಟ್ಟ. ಅರಗು ಉದುರಿತ್ತು.
ಒಳಗೆ ಒಂದು ಸ್ಟೀಲ್ ಲೋಟ.
ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ,
ಅಮ್ಮನ ಮದುವೆಯ ಇಸವಿ.
ತಳದಲ್ಲಿ ಒಣಗಿದ ಕಾಫಿ, ಬೆಲ್ಲದ ಪಾಕದ ಹಾಗೆ ಕಪ್ಪಾಗಿ.

ಕಾರ್ಪೊರೇಷನ್ನಿನಲ್ಲಿ ಬಸ್ಸು ಹತ್ತಿದೆ.
ಲಾಲ್‌ಬಾಗ್ ದಾಟುವಾಗ ಎಣಿಸತೊಡಗಿದೆ:
ಆರರ ಜೊತೆ ಇದು. ಬೀಗರು ಬಂದರೆ ಮಾತ್ರ ಹೊರಗೆ.
ಉಳಿದದ್ದು ಐದು, ನುಸಿಗುಳಿಗೆ ವಾಸನೆಯ ಟ್ರಂಕಿನಲ್ಲಿ.
ಆರನೆಯದು ಮನೆ ಬದಲಿಸುವಾಗ ಹೋಯ್ತು ಕಣೇ, ಎನ್ನುತ್ತಿದ್ದಳು ಅಮ್ಮ.
ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲೇ.
ದೊಡ್ಡಬಳ್ಳಾಪುರದ ಆ ರಾತ್ರಿಯೂ ಅಲ್ಲೇ ಇತ್ತು,
ಅವಳನ್ನು ಅವುಚಿ ಮಲಗಿದ್ದ ನನ್ನ ಕೆನ್ನೆಗೆ ಒತ್ತುತ್ತಿತ್ತು,
ಬೆಳಿಗ್ಗೆ ಅದರ ಅಚ್ಚು ನೋಡಿ ಎಲ್ಲರೂ ನಕ್ಕಿದ್ದರು.

ಹಾಗಿದ್ದರೆ ಲೋಟ ಆಚೆ ಬಂದದ್ದು
ನಾವು ಊರಿಗೆ ಹೊರಡುವ ಮೊದಲು.

ಕೋಣನಕುಂಟೆಯಲ್ಲಿ ಇಳಿಯುವುದನ್ನು ಮರೆತೆ. ಎರಡು ಸ್ಟಾಪು ಹಿಂದಕ್ಕೆ ನಡೆದೆ.

ಅಡುಗೆಮನೆ ಕಟ್ಟೆಯ ಮೇಲೆ ಅದನ್ನಿಟ್ಟು ಸುಮ್ಮನೆ ಕೂತೆ.
ಅಮ್ಮ ಮೊಣಕಾಲು ಹಿಡಿದುಕೊಂಡು ಬಂದಳು, ನೋಡಿದಳು.
ಎಲ್ಲಿಂದ ಬಂತು ಎಂದು ಕೇಳಲಿಲ್ಲ.
ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು.
ಸ್ಟೀಲಿಗೆ ಯಾರಾದರೂ ಹುಣಸೆಹಣ್ಣು ಹಾಕುತ್ತಾರಾ?
ತಿಕ್ಕಿದಳು, ತೊಳೆದಳು, ಸೆರಗಿನಲ್ಲಿ ಒರೆಸಿದಳು,
ಡಿಕಾಕ್ಷನ್ ಬಗ್ಗಿಸಿ ಹಾಲು ಬೆರೆಸಿದಳು.
ಸಕ್ಕರೆ ಒಂದು ಚಮಚ. ಇನ್ನೊಂದು.
ಮೂರನೆಯದಕ್ಕೆ ಕೈ ತಡೆದು, ಗೋಡೆಗೆ ಹೇಳುವಂತೆ,
"ಅವನಿಗೆ ಸಿಹಿ ಮುಂದಾಗಿರಬೇಕು" ಅಂದಳು.

ಬಾಗಿಲಲ್ಲಿ ಅಣ್ಣ ನಿಂತಿದ್ದ.
ಮೇದಿನಿ ಅವನ ತೋಳಿನ ಕೆಳಗಿಂದ ತಲೆ ತೂರಿಸಿ
"ಯಾರಿಗಜ್ಜಿ?" ಎಂದಳು.

ರಿಮೋಟು ಅಲ್ಲೇ, ಫ್ರಿಜ್ಜಿನ ಮೇಲಿತ್ತು.
ಯಾರೂ ಕೈ ಚಾಚಲಿಲ್ಲ.