ಕೋರಂ

ಮ್ಜುಜು ಕಾಲೇಜಿನ ಸಭಾಂಗಣ ಸೋರುತ್ತಿದೆ,
ಈ ಸಲ ಅಂಗರಚನೆಯ ಲ್ಯಾಬಿನಲ್ಲೇ ಮೀಟಿಂಗು.
ಹದಿನೇಳು ಮಂದಿ ಬೇಕು; ಬಂದವರು ಹದಿನಾರು.
ಡೀನ್ ನ್ಯಿರೊಂಗೊ ಗಡಿಯಾರ ನೋಡುತ್ತಾರೆ.

"ಅಗೋ, ಅವನನ್ನೂ ಎಣಿಸಿ"
ಫಾರ್ಮಸಿಯ ಚಿಸಾಲೆ ಮೂಲೆಯ ಅಸ್ಥಿಪಂಜರ ತೋರಿಸಿದಾಗ
ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೆರಿಗೆ ಪಾಠದವಳು ನಾನು, ಅರೆಕಾಲಿಕ:
ಮಾತಾಡಬಹುದು, ಕೈ ಎತ್ತುವ ಹಾಗಿಲ್ಲ.
ಇವತ್ತಿನ ಐದನೇ ವಿಷಯ ಅದೇ,
ನಮ್ಮ ಕೈ.

ಹನ್ನೊಂದು ವರ್ಷ ಈ ಕೈಗೆ ಜಾರಿ ಬಿದ್ದ ಕೂಸುಗಳು
ಯಾರ ಅನುಮೋದನೆಗೂ ಕಾಯಲಿಲ್ಲ.

ನಾಲ್ಕೂವರೆ. ಸಭೆ ಮುಂದಕ್ಕೆ.
ಕುರ್ಚಿ ಜೋಡಿಸಿ, ದೀಪ ಆರಿಸಿ ಹೊರಡುವಾಗ
ಅವನ ಬೆರಳಿಗೆ ಯಾರೋ ಸಿಕ್ಕಿಸಿದ್ದ
ಕಾರ್ಯಸೂಚಿಯ ಹಾಳೆ ಬಿಡಿಸಿಕೊಂಡೆ.
ಹಿಂಬದಿ ಖಾಲಿ ಇತ್ತು;
ನಾಳೆಯ ಪಾಠಕ್ಕೆ ಆಯಿತು.