ಹದಿನೆಂಟರಲ್ಲಿ ಒಂದು

ಬಿಳಿ ಬಣ್ಣ ಆರಿಸಿದವನು ಯಾರೋ
ಈ ಊರು ಕಂಡವನಲ್ಲ.
ಕ್ವಿರಿಲಾ ಹೊಳೆಯೇ ಇಲ್ಲಿ ಕಪ್ಪಗೆ ಹರಿಯುತ್ತದೆ,
ಮ್ಯಾಂಗನೀಸ್ ಪುಡಿ ಮುಚ್ಚಿದ ಕಿಟಕಿಯೊಳಗೂ ನುಸುಳಿ
ರೊಟ್ಟಿಯ ಮೇಲೆ ಕೂರುತ್ತದೆ.
ಇಪ್ಪತ್ತೆರಡು ವರ್ಷ ಒಗೆದಿದ್ದೇನೆ ನಾನು, ನತೇಲಾ,
ಹದಿನೆಂಟು ಅಂಗಿ, ಹದಿನೆಂಟು ಚಡ್ಡಿ.
ಕಾಲುಚೀಲದ ಲೆಕ್ಕ ಮಾತ್ರ
ಯಾವತ್ತೂ ಬೆಸ.

ಶನಿವಾರ ಬಸ್ಸಿನಲ್ಲಿ ನನಗೆ ಜಾಗವಿರಲಿಲ್ಲ.
ಗಣಿ ಮ್ಯಾನೇಜರನ ಭಾವಮೈದುನನಿಗೂ ಸೀಟು ಬೇಕಿತ್ತು.
ನಂಬರು ಮೇಲೆ ಬರುವ ಹಾಗೆ ಮಡಚಿ ಕೊಟ್ಟೆ,
ಕಾಲರಿಗೆ ಎರಡು ಸಲ ಇಸ್ತ್ರಿ ಎಳೆದು.
"ಫೈನಲ್ಲು ನತೇಲಾ, ಫೈನಲ್ಲು!" ಅಂದ ತರಿಯೇಲ್,
ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು,
ನಮ್ಮ ಕ್ಯಾಪ್ಟನ್ನು, ಮೂವತ್ತೊಂಬತ್ತು ಅವನಿಗೆ,
ಮೊಣಕಾಲಿಗೆ ಅರವತ್ತು.
"ಗೊತ್ತು. ಎಂಟರ ತೋಳು ಮತ್ತೆ ಬಿಚ್ಚಿಕೊಂಡರೆ
ಪಕ್ಕದ ಜೇಬಲ್ಲಿ ಸೂಜಿ ಇದೆ" ಅಂದೆ.

ಎದುರಿನವರು ತ್ಬಿಲಿಸಿಯವರು.
ಅವರಿಗೆ ಆಟವೇ ನೌಕರಿ, ನಿದ್ದೆಗೂ ಸಂಬಳವುಂಟು,
ಯಾರೋ ತಕ್ಕಡಿ ಹಿಡಿದು ಊಟ ಬಡಿಸುತ್ತಾರಂತೆ.
ನಮ್ಮ ಜುಂಬೆರ್ ಬೆಳಗಿನ ಪಾಳಿಯಲ್ಲಿ
ಗಣಿಯವರನ್ನು ರೋಪ್‌ವೇಯಲ್ಲಿ ಬೆಟ್ಟ ಹತ್ತಿಸಿ
ಸಂಜೆ ಗೋಲಿಗೆ ನಿಲ್ಲುವವನು.
ಒತಾರ್ ನಸುಕಿನಲ್ಲೆದ್ದು ಮಣ್ಣೊಲೆಯ ಗೋಡೆಗೆ ರೊಟ್ಟಿ ಬಡಿದು
ಸುಟ್ಟ ಮುಂಗೈಯಲ್ಲೇ ಥ್ರೋ ಎಸೆಯುವವನು.
ಇರಾಕ್ಲಿಗಂತೂ ಇನ್ನೂ ಮೀಸೆ ಬಂದಿಲ್ಲ,
ಹದಿನಾರರ ಅಂಗಿ ಅವನ ತೊಡೆ ಮುಟ್ಟುತ್ತದೆ.

ಸಂಸ್ಕೃತಿ ಭವನದಲ್ಲಿ ಪರದೆ ಕಟ್ಟಿದ್ದರು.
ಅವರದೊಂದು ಗೋಲು. ಆಮೇಲೆ, ದೇವರೇ, ನಮ್ಮದೊಂದು!
ಪಕ್ಕದ ಮುದುಕ ನನ್ನ ಭುಜ ಹಿಡಿದು ಅಲ್ಲಾಡಿಸಿದ,
ಗಂಡ ಸತ್ತಮೇಲೆ ಯಾರೂ ಹಾಗೆ ಅಲ್ಲಾಡಿಸಿರಲಿಲ್ಲ.
ಎಪ್ಪತ್ತೊಂದನೇ ನಿಮಿಷಕ್ಕೆ ಕರೆಂಟು ಹೋಯಿತು.
ಕತ್ತಲಲ್ಲಿ ಊರೆಲ್ಲ ಕೂತೇ ಇತ್ತು,
ಒಂದೊಂದು ಫೋನಿನಲ್ಲಿ ಒಂದೊಂದು ಫಲಿತಾಂಶ.
ಗೆದ್ದೆವು ಅಂದರು. ಇನ್ನೂ ಮುಗಿದಿಲ್ಲ ಅಂದರು.
ನಾನೆದ್ದು ಮನೆಗೆ ಬಂದು ಬಕೆಟ್ಟು ತುಂಬಿಸಿಟ್ಟೆ.
ಗೆದ್ದರೂ ಒಗೆಯಬೇಕಲ್ಲ.

ನಾಲ್ಕು ಗಂಟೆ ರಾತ್ರಿ ಬಸ್ಸಿನ ಸದ್ದು.
ಹಾಡಿಲ್ಲ. ಅಳುವೂ ಇಲ್ಲ.
ಬಾಗಿಲ ಮುಂದೆ ಚೀಲ ಇಟ್ಟು ಹೋದರು, ಮಗು ಇಟ್ಟು ಹೋದಂತೆ.

ಯಾರನ್ನೂ ಕೇಳಲಿಲ್ಲ. ದೀಪದಡಿ ಬಿಚ್ಚಿ ಹರಡಿದೆ.
ನಾಲ್ಕರ ಅಂಗಿ ಎದೆಯವರೆಗೆ ಹಸಿರು:
ತರಿಯೇಲ್ ಕೊನೆಗೊಮ್ಮೆ ಮೈಚೆಲ್ಲಿ
ಯಾರ ಕಾಲಿಂದಲೋ ಚೆಂಡು ಕಿತ್ತಿದ್ದಾನೆ.
ಎರಡರಲ್ಲಿ ರಕ್ತ, ಮೂಗಿನದು, ತಣ್ಣೀರಿಗೆ ಹೋಗುತ್ತದೆ.
ಎಂಟರ ತೋಳು ಗಂಡಸರ ಹೊಲಿಗೆಯಲ್ಲಿ ನಿಂತಿದೆ,
ಆನೆ ಹೊಲಿದ ಹಾಗೆ, ಆದರೆ ನಿಂತಿದೆ.
ಕೊನೆಗೆ ಜುಂಬೆರನ ಹಳದಿ ಅಂಗಿ.
ಎಡಮಗ್ಗುಲು ಮಣ್ಣು, ಮಣ್ಣಿನ ಮೇಲೆ ಮಣ್ಣು.
ಬಲಮಗ್ಗುಲಲ್ಲಿ
ಒಂದು ಹುಲ್ಲುಕಡ್ಡಿಯೂ ಇಲ್ಲ.

ಚೆಂಡುಗಳು ಬಲಕ್ಕೆ ಹೋದವು.

ಅಷ್ಟು ಹೊತ್ತಿಗೆ ಎಣಿಸಿದರೆ ಬಿಳಿಹಳದಿ ಸೇರಿ ಹದಿನೇಳು.
ಹದಿನಾರು ನಂಬರಿನದು ಇಲ್ಲ.
ತಳದಲ್ಲಿ ಮಡಿಕೆ ಮುರಿಯದ ಕೆಂಪು ರೇಷ್ಮೆಯಂಥದ್ದು,
ಅತ್ತರಿನ ವಾಸನೆ, ತೇಪೆಯಿಲ್ಲ, ಕಲೆಯಿಲ್ಲ,
ತೊಟ್ಟವನು ಬೆವರಿದನೋ ಇಲ್ಲವೋ ತಿಳಿಯದು.
ಇರಾಕ್ಲಿ ಬದಲಾಯಿಸಿಕೊಂಡಿದ್ದಾನೆ, ಪೋರ.
ನಲವತ್ತು ಲಾರಿ ಆ ಅಂಗಿಗೆ! ಕ್ಲಬ್ಬಿನ ಗುಮಾಸ್ತೆ ಬಿಡುತ್ತಾನೆಯೇ?

ಸಿಟ್ಟಿನಲ್ಲೇ ಅದನ್ನು ಬೇರೆ ನೀರಲ್ಲಿ ಅದ್ದಿದೆ.
ಆಗ ನೆನಪಾಯಿತು: ಬಿಳಿ ದಾರ ಮುಗಿದಿತ್ತೆಂದು
ಹದಿನಾರರ ಕಂಕುಳಿಗೆ ನೀಲಿಯಲ್ಲಿ ಹೊಲಿದಿದ್ದೆ.
ತ್ಬಿಲಿಸಿಯಲ್ಲಿ ಯಾವಳೋ ಈಗ
ಅದನ್ನು ಬೆಳಕಿಗೆ ಹಿಡಿದಿರಬಹುದು,
ಎಂಥ ಹೆಂಗಸಪ್ಪಾ ಇವಳು ಅಂದಿರಬಹುದು.

ಮಧ್ಯಾಹ್ನ ಇರಾಕ್ಲಿ ಬಂದ, ಗೇಟಿನಾಚೆಯೇ ನಿಂತು,
ಬೂಟಿನ ತುದಿಯಲ್ಲಿ ಕಲ್ಲು ಕೆದಕುತ್ತ,
"ಅಂಗಿ ಕೊಡ್ತೀಯಾ, ನತೇಲಾ ಅತ್ತೆ?"

ತಂತಿಯ ಮೇಲೆ ಹದಿನೇಳರ ಸಾಲಿನ ಕೊನೆಗೆ
ಕೆಂಪಗೆ ತೂಗುತ್ತಿತ್ತು ಅದು.
"ಇನ್ನೂ ಒಣಗಿಲ್ಲ, ನಾಳೆ ಬಾ" ಅಂದೆ.

ಒಣಗಿತ್ತು.